ನಿಮ್ಮ ಮಗುವಾಗಿದ್ದರೆ ಏನು ಮಾಡುತ್ತಿದ್ದಿರಿ, ಡಾಕ್ಟರಮ್ಮ?

ಮಕ್ಕಳ ಹಲ್ಲಿನ ವೈದ್ಯೆಯಾಗಿ, ಆ ವಿಷಯದ ಅಧ್ಯಾಪಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಈ ಬಾರಿಯ ಪತ್ರಗಳಲ್ಲಿ ಹೆಚ್ಚಿನವು ಚಿಕಿತ್ಸೆಗಿಂತ ‘ಅಧ್ಯಯನ’ ಎಂಬ ಪದದ ಬಗ್ಗೆಯೇ ಇವೆ. ಹೆಸರು ಬೇಡವೆಂದವರ ಹೆಸರು ಬಿಟ್ಟಿದ್ದೇನೆ. ಬೇಡ ಎನ್ನದವರದನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಕೆಳಗಿನ ಎರಡು ದವಡೆ ಹಲ್ಲು, ಎಡಕ್ಕೊಂದು ಬಲಕ್ಕೊಂದು, ಹುಳುಕಾಗಿವೆ. ದಂತ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲೊಂದು ಅಧ್ಯಯನ ನಡೆಯುತ್ತಿದೆಯಂತೆ. ಒಂದು ಹಲ್ಲನ್ನು ಕೊರೆದು ಸಿಮೆಂಟ್ ತುಂಬುತ್ತಾರೆ, ಇನ್ನೊಂದಕ್ಕೆ ಕೊರೆಯದೆ, ಇಂಜೆಕ್ಷನ್ ಕೊಡದೆ ಸ್ಟೀಲಿನ ಟೋಪಿ ಹಾಕುತ್ತಾರೆ, ಯಾವ ಹಲ್ಲಿಗೆ ಯಾವುದೆಂದು ಚೀಟಿ ಎತ್ತುತ್ತಾರೆ. ನಾಲ್ಕು ಪುಟದ ಕಾಗದ ಕೊಟ್ಟು ಓದಿಕೊಂಡು ಬನ್ನಿ ಎಂದಿದ್ದಾರೆ. ನಮ್ಮ ಯಜಮಾನರು “ಟೋಪಿ ಹಾಕುವುದು ಹಲ್ಲಿಗೋ ನಮಗೋ?” ಎನ್ನುತ್ತಾರೆ. ಹುಳುಕನ್ನು ಒಳಗೇ ಬಿಟ್ಟು ಮುಚ್ಚಬಹುದೇ? ನನ್ನ ಮಗ ಪ್ರಯೋಗದ ಇಲಿಯೇ?
– ಒಬ್ಬ ತಾಯಿ, ಹೊಂಡದ ಸರ್ಕಲ್, ದಾವಣಗೆರೆ

ಉತ್ತರ: ನಿಮ್ಮ ಯಜಮಾನರ ಮಾತಿಗೆ ಒಬ್ಬಳೇ ಕುಳಿತು ನಕ್ಕೆ. ಇದೇ ಕಾರಣಕ್ಕೆ ನಾವು ತಂದೆತಾಯಿಯರ ಮುಂದೆ ‘ಕ್ಯಾಪ್’ ಎನ್ನುತ್ತಿದ್ದೆವು. ಇನ್ನು, ಇಲಿಗೆ ಯಾರೂ ನಾಲ್ಕು ಪುಟದ ಕಾಗದ ಕೊಟ್ಟು ಮನೆಗೆ ಕಳಿಸುವುದಿಲ್ಲ ತಾಯಿ. ಆರಂಭವಂತೂ ಸರಿಯಾಗಿದೆ.

ಕೊರೆಯದೆ ಕ್ಯಾಪ್ ಕೂರಿಸುವುದಕ್ಕೆ ಹಾಲ್ ವಿಧಾನ ಎಂದು ಹೆಸರು. ನಾರ್ನಾ ಹಾಲ್ ಎಂಬ ಸ್ಕಾಟ್ಲೆಂಡಿನ ದಂತವೈದ್ಯೆ ತಮ್ಮ ಕ್ಲಿನಿಕ್ಕಿನಲ್ಲಿ ವರ್ಷಗಟ್ಟಲೆ ಹೀಗೆ ಮಾಡುತ್ತಿದ್ದರು. ಹುಳುಕು ಎಂಬ ಪದದಲ್ಲಿ ಹುಳು ಇದೆ, ಹಲ್ಲಿನಲ್ಲಿ ಇಲ್ಲ. ಅಲ್ಲಿರುವುದು ಬ್ಯಾಕ್ಟೀರಿಯಾ, ಅವಕ್ಕೆ ಬೇಕಾದದ್ದು ಬಾಯಿಯಿಂದ ಇಳಿಯುವ ಸಕ್ಕರೆ. ಸಿಮೆಂಟ್ ತುಂಬಿದ ಸ್ಟೀಲ್ ಕ್ಯಾಪನ್ನು ಹಲ್ಲಿನ ಮೇಲೆ ಒತ್ತಿ ಕೂರಿಸಿದರೆ ಆ ದಾರಿ ಮುಚ್ಚುತ್ತದೆ, ಉಪವಾಸ ಬಿದ್ದ ಹುಳುಕು ಅಲ್ಲಲ್ಲೇ ನಿಲ್ಲುತ್ತದೆ. ಹಾಲ್ ಅವರ ಕಡತದಲ್ಲಿದ್ದ 259 ಮಕ್ಕಳ 978 ಕ್ಯಾಪ್‌ಗಳ ಲೆಕ್ಕ 2006ರಲ್ಲಿ ಪ್ರಕಟವಾಯಿತು. ಓದಿ ಮುಖ ಸಿಂಡರಿಸಿದವರಲ್ಲಿ ನಾನೂ ಒಬ್ಬಳು. ಹುಳುಕನ್ನು ಪೂರ್ತಿ ಕೆರೆದು ತೆಗೆಯದ ವಿದ್ಯಾರ್ಥಿಗಳಿಗೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅಂಕ ಕಳೆದ ಕೈ ನನ್ನದು.

ಆದರೆ ಒಬ್ಬರ ಕ್ಲಿನಿಕ್ಕಿನ ಲೆಕ್ಕ ಸಾಲದು. ‘ಅವರ ಕೈಗುಣ ಚೆನ್ನಾಗಿದೆ’ ಎನ್ನುತ್ತೇವಲ್ಲ, ಆ ಕೈಗುಣವನ್ನೂ, ಸುಲಭದ ಹಲ್ಲನ್ನು ತಮಗೆ ಪ್ರಿಯವಾದ ಚಿಕಿತ್ಸೆಗೆ ಆರಿಸಿಕೊಳ್ಳುವ ವೈದ್ಯರ ಮನಸ್ಸನ್ನೂ ಲೆಕ್ಕದಿಂದ ಹೊರಗಿಡಬೇಕು. ಚೀಟಿ ಎತ್ತುವುದು ಅದಕ್ಕೆ. ಸ್ಕಾಟ್ಲೆಂಡಿನ ಟೇಸೈಡ್‌ನಲ್ಲಿ 132 ಮಕ್ಕಳಿಗೆ ಹಾಗೆಯೇ ಮಾಡಿದರು. ಒಂದೇ ಮಗುವಿನ ಬಾಯಿಯಲ್ಲಿ ಒಂದು ಬದಿಗೆ ಹಾಲ್ ಕ್ಯಾಪ್, ಇನ್ನೊಂದು ಬದಿಗೆ ಆ ವೈದ್ಯರು ಎಂದಿನಂತೆ ಮಾಡುವ ಫಿಲ್ಲಿಂಗ್. ಐದು ವರ್ಷದ ಲೆಕ್ಕದಲ್ಲಿ ನೋವು, ಕೀವಿನಂಥ ದೊಡ್ಡ ತೊಂದರೆ ಕ್ಯಾಪಿನ ಕಡೆ ಶೇ 3, ಫಿಲ್ಲಿಂಗಿನ ಕಡೆ ಶೇ 16.5. ನಾನು ಮಾತು ಹಿಂತೆಗೆದುಕೊಂಡೆ. ಕಳೆದ ಅಂಕಗಳನ್ನು ಹಿಂದಿರುಗಿಸಲಾಗಲಿಲ್ಲ.

ನಿಮ್ಮ ಕಾಗದದ ವಿಚಾರದಲ್ಲಿ ನನಗೆ ತಕರಾರು ಇರುವುದು ಇಲ್ಲಿಯೇ. ಎರಡರಲ್ಲಿ ಯಾವುದು ಮೇಲೆಂದು ವೈದ್ಯರಿಗೆ ನಿಜಕ್ಕೂ ಗೊತ್ತಿಲ್ಲದಾಗ ಮಾತ್ರ ಚೀಟಿ ಎತ್ತುವುದು ನ್ಯಾಯ. ಗೊತ್ತಿದ್ದೂ ಎತ್ತಿದರೆ, ನಿಮ್ಮ ಮಗನ ಒಂದು ಹಲ್ಲಿಗೆ ಕಡಿಮೆ ಚಿಕಿತ್ಸೆಯನ್ನು ತಿಳಿದೂ ತಿಳಿದೂ ಕೊಟ್ಟಂತಾಗುತ್ತದೆ. ಆದ್ದರಿಂದ ಆ ಯುವ ವೈದ್ಯರನ್ನು ಕೇಳಿ: “ಸ್ಕಾಟ್ಲೆಂಡಿನಲ್ಲಿ ಆಗಲೇ ಉತ್ತರ ಸಿಕ್ಕಿದ ಪ್ರಶ್ನೆಯನ್ನು ಮತ್ತೆ ಏಕೆ ಕೇಳುತ್ತಿದ್ದೀರಿ?” ಒಳ್ಳೆಯ ಉತ್ತರವೇ ಇರಬಹುದು. ತುಂಬುವ ಸಿಮೆಂಟ್ ಅಂದಿನದಕ್ಕಿಂತ ಹೊಸದಿರಬಹುದು, ಅಥವಾ ತಡವಾಗಿ ಬರುವ ನಮ್ಮ ಕಡೆಯ ಮಕ್ಕಳ ಆಳವಾದ ಹುಳುಕಿಗೆ ಆ ಲೆಕ್ಕ ಹೊಂದುತ್ತದೆಯೇ ಎಂದು ನೋಡುತ್ತಿರಬಹುದು. ಉತ್ತರವೇ ಬರದಿದ್ದರೆ ಸಹಿ ಮಾಡಬೇಡಿ. ಕ್ಯಾಪನ್ನೇ ಹಾಕಿ ಎಂದು ಕೇಳಿ. ಅಧ್ಯಯನಕ್ಕೆ ಸೇರದಿದ್ದರೂ ಚಿಕಿತ್ಸೆ ಕೊಡಲೇಬೇಕು.

ಈ ಪ್ರಶ್ನೆಯನ್ನು ನನಗೆ ಕಲಿಸಿದವರು ಪ್ರಾಧ್ಯಾಪಕರಲ್ಲ, ಜಗಳೂರು ಕಡೆಯ ಒಬ್ಬ ಅಜ್ಜಿ. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಕಾಲ, ನಾನು ಎಂ.ಡಿ.ಎಸ್., ಅಂದರೆ ದಂತವೈದ್ಯದ ಸ್ನಾತಕೋತ್ತರ ಪದವಿಯ ವಿದ್ಯಾರ್ಥಿನಿ. ಹಾಲುಹಲ್ಲಿನ ನರದ ಮೇಲ್ಭಾಗ ತೆಗೆದ ಜಾಗಕ್ಕೆ ಹಾಕುವ ಎರಡು ಔಷಧಗಳನ್ನು ಹೋಲಿಸುತ್ತಿದ್ದೆ. ಒಂದು ಫಾರ್ಮೋಕ್ರೆಸಾಲ್, ಇನ್ನೊಂದು ಫೆರಿಕ್ ಸಲ್ಫೇಟ್. ಮೊಮ್ಮಗನನ್ನು ಸೇರಿಸಿಕೊಳ್ಳಲು ಒಪ್ಪಿಗೆಗೆಂದು ಅಜ್ಜಿಯ ಹೆಬ್ಬೆರಳಿಗೆ ಇಂಕಿನ ಪ್ಯಾಡ್ ಚಾಚಿದ್ದೆ. ಅಜ್ಜಿ ಬೆರಳು ಕೊಡದೆ ಕೇಳಿದರು: “ನಿನ್ನ ಮಗುವಾಗಿದ್ದರೆ ಯಾವುದನ್ನು ಹಾಕಿಸುತ್ತಿದ್ದೆ ತಾಯಿ?” ನಾನು, “ನನಗಿನ್ನೂ ಮದುವೆಯಾಗಿಲ್ಲ ಅಜ್ಜಿ” ಎಂದು ಜಾರಿಕೊಳ್ಳಲು ನೋಡಿದೆ. “ಮದುವೆ ಆಗದಿದ್ದರೇನು, ಹಲ್ಲಿವೆಯಲ್ಲ?” ಎಂದರು. ಆಗ ನಿಜ ಹೇಳಿದೆ. ಯಾವುದು ಮೇಲೆಂದು ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಲೆಂದೇ ಇದನ್ನು ಮಾಡುತ್ತಿದ್ದೇನೆ ಎಂದೆ. ಅಜ್ಜಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಹೆಬ್ಬೆರಳು ಒತ್ತಿದರು.

ಅದರ ಮುಂದಿನ ಭಾಗ ಹೇಳಲು ನಾಚಿಕೆಯಾಗುತ್ತದೆ. ಆರು ತಿಂಗಳ ತಪಾಸಣೆ ಕಾಫಿ ಕೊಯ್ಲಿನ ಕಾಲಕ್ಕೆ ಬಿತ್ತು. ಮನೆಮಂದಿಯೆಲ್ಲ ಚಿಕ್ಕಮಗಳೂರಿನ ತೋಟಗಳಿಗೆ ಹೋಗಿದ್ದರು. ನನ್ನ ಪುಸ್ತಕದಲ್ಲಿ ಮೊಮ್ಮಗನ ಹೆಸರಿನ ಮುಂದೆ ‘ಮಧ್ಯದಲ್ಲಿ ಬಿಟ್ಟವರು’ ಎಂದು ಬರೆದು ಮುಂದೆ ಹೋದೆ. ಮರುವರ್ಷ ಅಜ್ಜಿ ಅವನನ್ನು ಕರೆತಂದಾಗ ಅವನ ಗಲ್ಲ ಊದಿತ್ತಂತೆ. ನಾನು ಪಾಸಾಗಿ ಊರು ಬಿಟ್ಟಾಗಿತ್ತು. ಕಿರಿಯರೊಬ್ಬರು ಆ ಹಲ್ಲು ಕಿತ್ತರು. ಕೊಯ್ಲು ಯಾವ ತಿಂಗಳು ಎಂದು ಮೊದಲ ದಿನವೇ ಕೇಳಿದ್ದರೆ ದಿನಾಂಕ ಬದಲಿಸಬಹುದಿತ್ತು.

ಹಾಗಾಗಿ ನಿಮ್ಮ ಎರಡನೆಯ ಪ್ರಶ್ನೆ ಇದಾಗಲಿ: “ನೀವು ಪಾಸಾಗಿ ಹೋದ ಮೇಲೆ ನನ್ನ ಮಗನನ್ನು ಯಾರು ನೋಡುತ್ತಾರೆ?” ಎಂ.ಡಿ.ಎಸ್. ಮೂರು ವರ್ಷದ ಓದು, ಪ್ರಬಂಧ ಕೊಡದೆ ಪದವಿ ಇಲ್ಲ. ವಿದ್ಯಾರ್ಥಿಗೆ ತನ್ನ ತುರ್ತು ಇರುತ್ತದೆ. ನಿಮ್ಮ ಮಗನ ದವಡೆಯ ಹಾಲುಹಲ್ಲು ಅವನ ಹತ್ತು ಹನ್ನೊಂದನೆಯ ವಯಸ್ಸಿನವರೆಗೆ ಬಾಯಲ್ಲಿರಬೇಕು. ಯಾವ ವಿಭಾಗ, ಯಾವ ಅಧ್ಯಾಪಕರು ಹೊಣೆ ಎಂದು ಬರೆಸಿಕೊಳ್ಳಿ.

ಉಳಿದದ್ದು ಕಾಗದದಲ್ಲೇ ಇರಬೇಕು. ಅದು ಕನ್ನಡದಲ್ಲಿದೆಯೇ? ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು ಎಂದಿದೆಯೇ? ಅಧ್ಯಯನದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರದ ಮಾತಿದೆಯೇ? ಅಧ್ಯಯನಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಫೋನ್ ಸಂಖ್ಯೆ ಇದೆಯೇ? ಸಿ.ಟಿ.ಆರ್.ಐ. ಎಂದು ಶುರುವಾಗುವ ನೋಂದಣಿ ಸಂಖ್ಯೆಯನ್ನೂ ಹುಡುಕಿ. ಅದು ಇಂಥ ಚಿಕಿತ್ಸಾ ಅಧ್ಯಯನಗಳನ್ನು ನೋಂದಾಯಿಸುವ, 2007ರಲ್ಲಿ ಶುರುವಾದ ರಾಷ್ಟ್ರೀಯ ದಾಖಲೆ, ಮೊಬೈಲಿನಲ್ಲೇ ಯಾರು ಬೇಕಾದರೂ ನೋಡಬಹುದು.

ಒಂದು ಎಚ್ಚರಿಕೆ. ಮಗ ರಾತ್ರಿ ನೋವಿನಿಂದ ಎದ್ದು ಕೂರುತ್ತಿದ್ದರೆ, ಅಥವಾ ಹಲ್ಲಿನ ಪಕ್ಕದ ಒಸಡಿನಲ್ಲಿ ಗುಳ್ಳೆ ಇದ್ದರೆ ಹಾಲ್ ಕ್ಯಾಪ್ ನಡೆಯದು, ಬರಿಯ ಫಿಲ್ಲಿಂಗೂ ನಡೆಯದು. ಎಕ್ಸ್‌ರೇ ತೆಗೆಯದೆ ತೀರ್ಮಾನಿಸುವುದು ಬೇಡ. ಕ್ಯಾಪ್ ಹಾಕಿದ ಮೊದಲ ಕೆಲವು ದಿನ ‘ಹಲ್ಲು ಎತ್ತರವಾಗಿದೆ’ ಎಂದು ಹುಡುಗ ದೂರುತ್ತಾನೆ. ಗಾಬರಿ ಬೇಡ, ಕೆಲವು ವಾರಗಳಲ್ಲಿ ಕಚ್ಚು ತಾನಾಗಿ ಹೊಂದಿಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ಊರಿಗೆಲ್ಲ ಗೊತ್ತು. ನನ್ನ ಹಲ್ಲೂ ಕಂದು, ಮಗನದೂ ಕಂದು. ನಾಲ್ಕು ವರ್ಷದ ಮೊಮ್ಮಗಳ ಮುಂದಿನ ಹಲ್ಲುಗಳು ಹುಳುಕಾಗಿವೆ. ಅದಕ್ಕೆ ಫ್ಲೋರೈಡ್ ಇರುವ ಔಷಧವನ್ನೇ ಹಚ್ಚುತ್ತೇವೆ, ಹುಳುಕು ನಿಲ್ಲುತ್ತದೆ, ಆದರೆ ಕಪ್ಪಾಗುತ್ತದೆ ಎನ್ನುತ್ತಾರೆ. ಇದು ಯಾವ ನ್ಯಾಯ?
– ಒಬ್ಬ ಅಜ್ಜ, ಜಗಳೂರು ತಾಲ್ಲೂಕು

ಉತ್ತರ: ಯಜಮಾನರೇ, ಪ್ರಶ್ನೆ ನ್ಯಾಯವಾದದ್ದೇ. ನಿಮ್ಮ ಹಲ್ಲು ಕಂದಾದದ್ದು ಮೇಲಿನಿಂದ ಹತ್ತಿದ ಬಣ್ಣದಿಂದಲ್ಲ. ಹುಟ್ಟಿನಿಂದ ಎಂಟು ವರ್ಷದವರೆಗೆ, ದವಡೆಯ ಮೂಳೆಯೊಳಗೆ ಹಲ್ಲು ತಯಾರಾಗುವಾಗ ಕುಡಿದ ನೀರು ಒಳಗಿನಿಂದಲೇ ಅದನ್ನು ಕೆಡಿಸಿತು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಔಷಧದ್ದು ಬೇರೆ ಕಥೆ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ಆ ದ್ರವದ ಒಂದು ಹನಿ ಹಲವು ಹಲ್ಲುಗಳಿಗೆ ಸಾಕು, ವರ್ಷಕ್ಕೆ ಎರಡು ಸಲ ಹುಳುಕಿಗೆ ಮಾತ್ರ ಸವರುತ್ತಾರೆ. ಹೊಲಕ್ಕೆ ನೀರು ನಿಂತು ಬೆಳೆ ಕೊಳೆಯಿತೆಂದು ಮನೆಯ ತುಳಸಿಗೂ ನೀರು ಹಾಕದೆ ಇರುತ್ತೀರಾ?

ಜಪಾನಿನಲ್ಲಿ 1970ರ ಸುಮಾರಿನಿಂದ ಬಳಕೆಯಲ್ಲಿರುವ ಔಷಧ ಇದು. ಹಾಂಗ್‌ಕಾಂಗಿನ ಸಂಶೋಧಕರು ಪುಟ್ಟ ಮಕ್ಕಳಲ್ಲಿ ಪರೀಕ್ಷಿಸಿ, ಶೇ 12ರ ದ್ರಾವಣಕ್ಕಿಂತ ಶೇ 38ರದು, ವರ್ಷಕ್ಕೊಮ್ಮೆಗಿಂತ ಎರಡು ಸಲ ಹಚ್ಚುವುದು ಮೇಲೆಂದು ತೋರಿಸಿದರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಕಪ್ಪಾಗುವುದು ಖಚಿತ, ಉಜ್ಜಿದರೆ ಹೋಗುವುದೂ ಇಲ್ಲ. ಆದರೆ ಕಪ್ಪಾಗುವುದು ಹುಳುಕಿನ ಭಾಗ ಮಾತ್ರ, ಗಟ್ಟಿ ಹಲ್ಲಲ್ಲ. ಬೆಳ್ಳಿಯ ಅಲರ್ಜಿ ಇದ್ದರೆ, ಬಾಯಿಹುಣ್ಣಾಗಿದ್ದರೆ ಬೇಡ.

ಹಿಂದಿನ ಹಲ್ಲಾದರೆ ಒಪ್ಪುವ ಮನೆಯವರು ಮುಂದಿನ ಹಲ್ಲೆಂದರೆ ಹಿಂಜರಿಯುತ್ತಾರೆ, ಅದರಲ್ಲೂ ಹೆಣ್ಣುಮಗುವಾದರೆ. ಆ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ. ಅಲುಗಾಡದೆ ಕೂರಲು ಬಾರದ ನಾಲ್ಕು ವರ್ಷದ ಮಗುವನ್ನು ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸುವುದಕ್ಕಿಂತ ಎರಡು ಮೂರು ವರ್ಷದ ಕಪ್ಪು ನಗೆಯೇ ವಾಸಿ ಎಂಬುದು ನನ್ನ ಅಭಿಪ್ರಾಯ. ನಿರ್ಧಾರ ಅವಳ ತಾಯಿಯದು, ನಿಮ್ಮದೂ ಅಲ್ಲ, ನನ್ನದೂ ಅಲ್ಲ.

ಶುದ್ಧ ನೀರಿನ ಘಟಕದ ಕ್ಯಾನ್ ಕುಡಿಯಲು ಮಾತ್ರ, ಅಡುಗೆಗೆ ಬೋರ್‌ವೆಲ್ ಎಂಬ ಪದ್ಧತಿ ನಿಮ್ಮ ಮನೆಯಲ್ಲೂ ಇದ್ದರೆ ಬಿಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ದಟ್ಟವಾಗುತ್ತದೆ. ಪೇಸ್ಟು ಅವಳ ವಯಸ್ಸಿಗೆ ಬಟಾಣಿ ಕಾಳಿನಷ್ಟು, ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು. ನುಂಗದಂತೆ ಪಕ್ಕದಲ್ಲಿ ದೊಡ್ಡವರು ನಿಂತಿರಬೇಕು.

ಪ್ರಶ್ನೆ: ಹೇಗೂ ಬಿದ್ದುಹೋಗುವ ಹಲ್ಲಿಗೆ ಸಾವಿರಾರು ರೂಪಾಯಿ ಏಕೆ ಸುರಿಯಬೇಕು?
– ಒಬ್ಬ ತಂದೆ, ಚಿತ್ರದುರ್ಗ

ಉತ್ತರ: ನಿಮ್ಮ ವಾದಕ್ಕೆ ಬಲ ಕೊಡುವ ಅಧ್ಯಯನವನ್ನು ನಾನೇ ಹೇಳುತ್ತೇನೆ. ಬ್ರಿಟನ್ನಿನಲ್ಲಿ 3ರಿಂದ 7 ವರ್ಷದ 1,144 ಮಕ್ಕಳನ್ನು ಮೂರು ಗುಂಪು ಮಾಡಿದರು. ಕೊರೆದು ತುಂಬುವುದು ಒಂದು, ಹುಳುಕನ್ನು ಒಳಗೇ ಮುಚ್ಚುವುದು ಇನ್ನೊಂದು, ಬರಿಯ ಮುನ್ನೆಚ್ಚರಿಕೆ ಮೂರನೆಯದು. ಮೂರು ವರ್ಷದವರೆಗೆ ನೋಡಿ 2020ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನೋವು ಅಥವಾ ಕೀವು ಕಂಡ ಮಕ್ಕಳು ಕ್ರಮವಾಗಿ ಶೇ 42, 40, 45. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಹಿಗ್ಗಬೇಡಿ. ಬರಿಯ ಮುನ್ನೆಚ್ಚರಿಕೆ ಎಂದರೆ ಮನೆಯಲ್ಲಿ ಸುಮ್ಮನೆ ಕೂರುವುದಲ್ಲ. ಆ ಮಕ್ಕಳನ್ನು ದಂತವೈದ್ಯರು ಮತ್ತೆಮತ್ತೆ ನೋಡಿ ಫ್ಲೋರೈಡ್ ವಾರ್ನಿಷ್ ಹಚ್ಚುತ್ತಿದ್ದರು. ಆ ಲೆಕ್ಕದಲ್ಲಿ ನನಗೆ ಎದ್ದು ಕಂಡದ್ದು ಬೇರೆ: ಹುಳುಕು ಒಮ್ಮೆ ಹಿಡಿದ ಮೇಲೆ ಏನು ಮಾಡಿದರೂ ಹತ್ತರಲ್ಲಿ ನಾಲ್ಕು ಮಕ್ಕಳು ನೋವು ಉಂಡರು. ಕಾಸು ಉಳಿಸುವ ಆಸೆಯಿದ್ದರೆ ಹುಳುಕಿಗಿಂತ ಮೊದಲು ಉಳಿಸಿ. ಮಗುವಿಗೆ ಆರು ತುಂಬಿದ್ದರೆ ಇವತ್ತೇ ಬಾಯಿ ತೆರೆಸಿ ಎಲ್ಲಕ್ಕಿಂತ ಹಿಂದಿನ ಹಲ್ಲು ನೋಡಿ. ಯಾವ ಹಾಲುಹಲ್ಲೂ ಬೀಳದೆ ಸದ್ದಿಲ್ಲದೆ ಬರುವ ಆ ದವಡೆ ಹಲ್ಲನ್ನು ಬಹಳ ಮಂದಿ ಹಾಲುಹಲ್ಲೆಂದೇ ತಿಳಿದು ಕೆಡಿಸುತ್ತಾರೆ. ಅದು ಬಿದ್ದರೆ ಮತ್ತೆ ಬರುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಗೆ ಹಲ್ಲಿನ ಅಧ್ಯಯನಕ್ಕೆಂದು ಬಂದವರು, ಪೋಷಕರು ಸಿಗುವುದು ಕಷ್ಟ, ನೀವೇ ಎಲ್ಲರ ಪರವಾಗಿ ಸಹಿ ಮಾಡಿ ಎಂದರು. ಮಾಡಬಹುದೇ?
– ಮುಖ್ಯೋಪಾಧ್ಯಾಯಿನಿ, ಹೊಸದುರ್ಗ ತಾಲ್ಲೂಕು

ಉತ್ತರ: ಬೇಡ ಮೇಡಂ. ನಿಮ್ಮ ಸಹಿ ಅವರನ್ನು ಶಾಲೆಯ ಗೇಟಿನೊಳಗೆ ಬಿಡುತ್ತದೆ, ಮಕ್ಕಳ ಬಾಯೊಳಗೆ ಬಿಡುವುದಿಲ್ಲ. ಪೋಷಕರ ಸಭೆಯ ದಿನ ಬರಲು ಹೇಳಿ.

ಪ್ರಶ್ನೆ: ನಾನು ನಾಲ್ಕನೆಯ ತರಗತಿ. ಡಾಕ್ಟರ್ ಎಲ್ಲವನ್ನೂ ಅಮ್ಮನನ್ನೇ ಕೇಳಿದರು, ನನ್ನನ್ನು ಕೇಳಲಿಲ್ಲ. ಹಲ್ಲು ನನ್ನದು. ನಾನು ಬೇಡ ಎನ್ನಬಹುದೇ?
– ಒಬ್ಬಳು ಹುಡುಗಿ, ಚಳ್ಳಕೆರೆ

ಉತ್ತರ: ಅಧ್ಯಯನಕ್ಕೆ ಬೇಡ ಎನ್ನಬಹುದು ಪುಟ್ಟಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ನಿನ್ನ ವಯಸ್ಸಿನವರ ಮಾತಿದೆ. ಏಳರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಥವಾಗುವಂತೆ ಹೇಳಿ ಬಾಯಿಮಾತಿನ ಒಪ್ಪಿಗೆ ಪಡೆಯಬೇಕು, ಅದಕ್ಕಿಂತ ದೊಡ್ಡವರಿಂದ ಬರೆಸಿಕೊಳ್ಳಬೇಕು. ಅಮ್ಮ ಸಹಿ ಮಾಡಿದ್ದರೂ ನಿನ್ನನ್ನು ಕೇಳಲೇಬೇಕು. ಆದರೆ ಹಲ್ಲು ನೋಯುತ್ತಿದ್ದರೆ ಚಿಕಿತ್ಸೆ ಬೇಡ ಎಂದು ಹಟ ಮಾಡಬೇಡ. ಅದು ಬೇರೆ, ಇದು ಬೇರೆ.

ಪತ್ರದ ಹಿಂದೆ ನೀನು ಬರೆದ ಹಲ್ಲಿನ ಚಿತ್ರ ಚೆನ್ನಾಗಿದೆ. ಮೂರು ಬೇರು ಬಿಡಿಸಿದ್ದೀಯೆ. ಅದು ಮೇಲಿನ ದವಡೆಯ ಹಲ್ಲಾದರೆ ಸರಿ. ಕೆಳಗಿನದಾದರೆ ಒಂದನ್ನು ಅಳಿಸಿಬಿಡು.