ಓದುಗರ ಪ್ರಶ್ನೆ: ಮೆಚ್ಚಿನ ಹಾಡುಗಾರರನ್ನು ಎದುರಿಗೆ ಕುಳಿತು ಕೇಳುವಾಗ

ಪ್ರಶ್ನೆ: ಮೊದಲು ಕ್ಯಾಸೆಟ್ಟಿನ್ಯಾಗ, ಈಗ ಮೊಬೈಲಿನ್ಯಾಗ ಕೇಳಕೋತ ಬಂದ ಗೀಗೀ ಹಾಡುಗಾರರು ನಮ್ಮ ಪಕ್ಕದೂರ ಜಾತ್ರಿಗೆ ಬರಾಕತ್ತಾರ. ಯಾವ ಹೊತ್ತಿಗೆ ಹೋಗಬೇಕು, ಎಲ್ಲಿ ಕುಂದರಬೇಕು? (ಮುಧೋಳ)

ಉತ್ತರ: ಹಾಡು ರಂಗೇರಿದ ಮೇಲೆ ಹೋದರಾಯಿತು ಎಂದುಕೊಳ್ಳಬೇಡಿ. ಮೊದಲು ಬರುವ ಸ್ತುತಿ ಪದದಲ್ಲೇ ಮೇಳದ ಶ್ರುತಿ ಕೂಡುತ್ತದೆ. ಅದು ಕಿವಿಗೆ ಕೂತರೆ ಮುಂದಿನ ಏರು, ಇಳುವು ಎಲ್ಲ ಸಲೀಸಾಗಿ ತಿಳಿಯುತ್ತವೆ. ಮುಂದೆ ನಿಂತವರ ಕೈಯಲ್ಲಿ ದಪ್ಪು (ಬಳೆಗೆ ಚರ್ಮ ಬಿಗಿದ ವಾದ್ಯ), ಹಿಂದಿನ ಇಬ್ಬರಲ್ಲಿ ಒಬ್ಬರಿಗೆ ತುಂತುಣಿ (ಒಂಟಿ ತಂತಿಯ ಶ್ರುತಿವಾದ್ಯ), ಇನ್ನೊಬ್ಬರಿಗೆ ತಾಳ. ಕ್ಯಾಸೆಟ್ಟಿನಲ್ಲಿ ಹಿಮ್ಮೇಳ ಹಲವು ಸಲ ಹಿಂದೆ ಸರಿದಿರುತ್ತದೆ. ಎದುರಿಗೆ ಕೇಳುವಾಗ ಅದನ್ನೇ ಹಿಡಿಯಿರಿ. ನುಡಿಯ (ಚರಣದ) ಕೊನೆಯನ್ನು ಹಿಂದಿನವರು ‘ಗೀಯ ಗೀಯ’ ಎಂದು ಎತ್ತಿಕೊಂಡಾಗಲೇ ಮುಂದಿನವರಿಗೆ ಉಸಿರು ಸಿಗುವುದು. ಅಷ್ಟು ಹೊತ್ತಿನಲ್ಲಿ ಅವರು ಮುಂದಿನ ನುಡಿಯನ್ನು ನೆನಪಿಗೆ ತಂದುಕೊಳ್ಳುತ್ತಾರೆ. ಎದುರು ಮೇಳದ ಸವಾಲಿಗೆ ಅಲ್ಲೇ ಜವಾಬು ಕಟ್ಟಬೇಕಾದಾಗಲಂತೂ ಈ ಬಿಡುವು ಬಹಳ ದೊಡ್ಡದು.

ವೇದಿಕೆಯ ಬುಡದಲ್ಲಿ ಕೂರಬೇಡಿ. ಅಲ್ಲಿ ದಪ್ಪಿನ ಪೆಟ್ಟು ನೇರವಾಗಿ ಬಡಿದು, ಪಕ್ಕದ ಸ್ಪೀಕರಿನಿಂದ ಬರುವ ಮಾತನ್ನು ನುಂಗುತ್ತದೆ. ತೀರ ಹಿಂದೆಯೂ ಬೇಡ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 50 ಮೀಟರ್ ದೂರ ಕೂತರೆ ಕೈ ಬಿದ್ದದ್ದು ಮೊದಲು ಕಂಡು ಪೆಟ್ಟು ಆಮೇಲೆ ಕೇಳುತ್ತದೆ. ವೇದಿಕೆಯ ನಡುವಿಗೆ ನೇರವಾಗಿ, 10ರಿಂದ 15 ಮೀಟರ್ ಒಳಗೆ ಕೂರುವುದು ಒಳ್ಳೆಯದು.

ಹರದೇಶಿ–ನಾಗೇಶಿ ಇದ್ದರೆ ಇಡೀ ರಾತ್ರಿ ಬಿಡುವು ಮಾಡಿಕೊಂಡು ಹೋಗಿ. ಹರದೇಶಿಯವರು ಶಿವನ ಪಕ್ಷ ಹಿಡಿದು ಗಂಡು ಹೆಚ್ಚೆಂದು, ನಾಗೇಶಿಯವರು ಶಕ್ತಿಯ ಪಕ್ಷ ಹಿಡಿದು ಹೆಣ್ಣು ಹೆಚ್ಚೆಂದು ವಾದಿಸುತ್ತಾರೆ. ನಡುವೆ ಬರುವ ಖ್ಯಾಲಿಗೆ (ಹಗುರ ತಮಾಷೆಯ ಪದಕ್ಕೆ) ಜನ ನಗುತ್ತಾರೆ, ನಿದ್ದೆ ಹಾರುತ್ತದೆ. ಆದರೆ ಎರಡೂ ಪಕ್ಷ ಒಂದಾಗುವುದು ಬೆಳಗಿನ ಜಾವಕ್ಕೆ. ಅದನ್ನು ಕೇಳದೆ ಎದ್ದು ಬಂದರೆ ಬರೀ ಜಗಳ ಕೇಳಿ ಬಂದಂತಾಗುತ್ತದೆ. ಕಂಬಳಿ ಒಯ್ಯಿರಿ, ನೆಲ ತಣ್ಣಗಿರುತ್ತದೆ.

ಪ್ರಶ್ನೆ: ಉತ್ಸವದ ವೇದಿಕೆಯಲ್ಲಿ ನಮ್ಮ ಮೆಚ್ಚಿನವರು ಲಾವಣಿಯನ್ನು ಅರ್ಧಕ್ಕೇ ಮುಗಿಸಿದರು. ಏಕೆ? (ಚನ್ನಮ್ಮನ ಕಿತ್ತೂರು)

ಉತ್ತರ: ತಪ್ಪು ಹಾಡುಗಾರರದ್ದಲ್ಲ. ಕಿತ್ತೂರು ಉತ್ಸವ, ಚಾಲುಕ್ಯ ಉತ್ಸವಗಳಂಥ ವೇದಿಕೆಯಲ್ಲಿ ಒಂದರ ಹಿಂದೊಂದು ತಂಡ ಕಾಯುತ್ತಿರುತ್ತದೆ. ಪಲ್ಲ (ಪಲ್ಲವಿ), ಎರಡು ನುಡಿ, ಒಂದು ಚ್ಯಾಲು (ಧಾಟಿ ಬದಲಿಸಿ ಹಾಡುವ ಭಾಗ) ಹಾಡುವಷ್ಟರಲ್ಲಿ ಹೊತ್ತು ಮುಗಿಯುತ್ತದೆ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚಬಾರದೆಂಬ ನಿಯಮವೂ ಇದೆ. ಹಬ್ಬ, ಉತ್ಸವಗಳಿಗೆಂದು ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅಷ್ಟೇ. ಕಥೆ ಪೂರ್ತಿ ಬೇಕಿದ್ದರೆ ಅದೇ ಮೇಳ ಹಳ್ಳಿಯ ಜಾತ್ರೆಗೆ ಯಾವಾಗ ಬರುತ್ತದೆಂದು ಹಿಮ್ಮೇಳದವರನ್ನೇ ವಿಚಾರಿಸಿ.

ಪ್ರಶ್ನೆ: ಈ ಸಲ ನಮ್ಮೂರ ಜಾತ್ರೆಗೆ ನಾವೇ ಮೇಳ ಕರೆಸುತ್ತಿದ್ದೇವೆ. ಹೋದ ವರ್ಷ ಮಾತು ತಿಳಿಯಲಿಲ್ಲ, ಮೈಕು ಕುಂಯ್ ಎನ್ನುತ್ತಿತ್ತು. (ಅಥಣಿ)

ಉತ್ತರ: ಮಾತು ಕೆಡಲು ದೊಡ್ಡ ಕಾರಣ ಎಕೋ. ಗೀಗೀ ಪದದಲ್ಲಿ ಅಕ್ಷರಗಳು ಒತ್ತೊತ್ತಾಗಿ ಬರುತ್ತವೆ. ಒಂದರ ಬಾಲ ಮುಂದಿನದರ ಮೇಲೆ ಬಿದ್ದರೆ ಏನೂ ಉಳಿಯುವುದಿಲ್ಲ. ಪೂರ್ತಿ ತೆಗೆಸಿ.

ಮೂರು ಮೈಕು ಸಾಕು, ಅವೂ ಮೇಲೆ ಹೇಳಿದ ನಿಯಮದ ಹೊತ್ತಿನೊಳಗೆ. ಮುಖ್ಯ ಹಾಡುಗಾರರ ಎರಡೂ ಕೈ ದಪ್ಪಿಗೇ ಬೇಕು, ಆದ್ದರಿಂದ ಅವರಿಗೆ ಸ್ಟ್ಯಾಂಡಿನ ಮೈಕು ಕೊಟ್ಟು ಬಾಯಿಂದ ನಾಲ್ಕು ಬೆರಳು ದೂರ, ತುಸು ಓರೆಯಾಗಿ ಇಡಿ. ದಪ್ಪಿಗೆ ಬೇರೆ ಮೈಕು ಬೇಡ, ಈ ಮೈಕಿನಲ್ಲೇ ಬೇಕಾದಷ್ಟು ಬರುತ್ತದೆ. ಎರಡನೆಯದು ಹಿಮ್ಮೇಳದವರ ಬಾಯಿಗೆ. ಮೂರನೆಯದನ್ನು ತುಂತುಣಿಯಿಂದ ಒಂದು ಗೇಣಿನಲ್ಲಿ ಇಡಿ. ಒಂಟಿ ತಂತಿಯ ಸಣ್ಣ ದನಿ ಅದು, ಆದರೆ ಶ್ರುತಿ ಹಿಡಿದು ನಿಲ್ಲಿಸುವುದು ಅದೇ. ಹಾಡುಗಾರರಿಗೆ ಅದು ಕೇಳದಿದ್ದರೆ ಶ್ರುತಿ ಜಾರುತ್ತದೆ, ದನಿ ಎಳೆದು ಎಳೆದು ನಡುರಾತ್ರಿಗೆ ಗಂಟಲು ಕಟ್ಟುತ್ತದೆ. ಆದ್ದರಿಂದ ಒಂದು ಸಣ್ಣ ಸ್ಪೀಕರನ್ನು ವೇದಿಕೆಯ ಮೇಲೆ ಅವರ ಕಡೆಗೇ ತಿರುಗಿಸಿ ಇಡಿ.

ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೊಕ್ಕಾಗ ಕುಂಯ್ ಎನ್ನುತ್ತದೆ. ದೊಡ್ಡ ಬಾಕ್ಸುಗಳು ಮೈಕುಗಳಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಲಿ. ಜನರೇಟರ್ ವೇದಿಕೆಯ ಹಿಂದೆ ದೂರದಲ್ಲಿರಲಿ. ಇಬ್ಬನಿಗೆ ಚರ್ಮ ಸಡಿಲಾಗಿ ದಪ್ಪಿನ ದನಿ ಇಳಿಯುತ್ತದೆ. ಕಾಸಿಕೊಳ್ಳಲು ವೇದಿಕೆಯ ಹಿಂದೆ ಒಂದು ಬುಟ್ಟಿ ಕೆಂಡ ಸಿದ್ಧವಿಡಿ, ಪೆಂಡಾಲಿನ ಬಟ್ಟೆಯಿಂದ ದೂರ. ಬಕ್ಷೀಸು ಕೊಡುವವರನ್ನು ನುಡಿ ಮುಗಿಯುವವರೆಗೆ ತಡೆಯುವುದೂ ಕಮಿಟಿಯ ಕೆಲಸವೇ. ಹೆಸರು ಕೂಗಲು ಹಾಡು ನಿಲ್ಲಿಸುವುದು ಹಾಡುಗಾರರಿಗೂ ಕೇಳುವವರಿಗೂ ಅನ್ಯಾಯ.

ಪ್ರಶ್ನೆ: ಬಾಗಲಕೋಟೆಯ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ಗೊಂದಲಿ ಹಾಡು ಕೇಳುವ ಆಸೆಯಾಗಿದೆ. ಏನು ಗಮನಿಸಬೇಕು? (ಇಂಡಿ)

ಉತ್ತರ: ಗೊಂದಲ ಮೂಲದಲ್ಲಿ ಅಂಬಾಭವಾನಿಯ ಸೇವೆ. ಮನೆಯಲ್ಲಿ ಹಾಕಿಸಿದ ಗೊಂದಲವಾದರೆ ಪೂಜೆಯಿಂದಲೇ ಕೂರಬೇಕು, ಚಪ್ಪಲಿ ಹೊರಗಿರಬೇಕು, ನಡುವೆ ಎದ್ದು ಓಡಾಡಬಾರದು. ಕಿವಿಯನ್ನು ಸಂಬಾಳಕ್ಕೆ ಕೊಡಿ: ಜೋಡಿ ಚರ್ಮವಾದ್ಯ, ಒಂದರ ದನಿ ಮಂದ್ರ, ಇನ್ನೊಂದರದು ಚುರುಕು. ಚೌಡಿಕೆ (ತಂತಿವಾದ್ಯ) ಇದ್ದರೆ ತಂತಿಯ ಬಿಗಿತ ಬದಲಾದಂತೆ ನಾದ ಏರಿಳಿಯುವುದನ್ನು ನೋಡಿ. ಹಾಡು, ಮಾತು, ಅಭಿನಯ ಒಂದರೊಳಗೊಂದು ಹೆಣೆದಿರುವುದರಿಂದ ಇಲ್ಲಿ ಮುಖ ಕಾಣುವಷ್ಟು ಹತ್ತಿರ ಕೂರಲೇಬೇಕು.

ಪ್ರಶ್ನೆ: ಮೊಬೈಲಿನಲ್ಲಿ ಹಿಡಿದ ಹಾಡು ಒಡೆದಂತೆ ಕೇಳುತ್ತದೆ. (ಬೈಲಹೊಂಗಲ)

ಉತ್ತರ: ಸ್ಪೀಕರಿನ ಎದುರಿಗೆ ಮೊಬೈಲಿನ ಮೈಕು ತಡೆಯುವುದಿಲ್ಲ. ಪಕ್ಕಕ್ಕೆ ಸರಿದು, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮೊದಲ ಪದದ ಒಂದು ನಿಮಿಷ ಹಿಡಿದು ಇಯರ್‌ಫೋನಿನಲ್ಲಿ ಕೇಳಿ ನೋಡಿ. ಬರೀ ಧ್ವನಿಯಾದರೆ 128 ಕೆಬಿಪಿಎಸ್‌ನಲ್ಲಿ ಗಂಟೆಗೆ 60 ಎಂಬಿಯೊಳಗೆ ಮುಗಿಯುತ್ತದೆ. ವಿಡಿಯೊ ಗಂಟೆಗೆ ಹಲವು ಜಿಬಿ ತಿನ್ನುತ್ತದೆ. ನೀವು ಕೇಳಿಕೊಳ್ಳಲು ಇಟ್ಟುಕೊಂಡರೆ ಅಡ್ಡಿಯಿಲ್ಲ. ಯೂಟ್ಯೂಬಿಗೆ ಹಾಕುವ ಮುಂಚೆ ಮಾತ್ರ ಹಾಡುಗಾರರ ಒಪ್ಪಿಗೆ ಪಡೆಯಿರಿ, ಹಿಮ್ಮೇಳದವರ ಹೆಸರನ್ನೂ ಬರೆಯಿರಿ.