ನಾನ್‌ಖಟಾಯಿ ಹರಡಿ ರೊಟ್ಟಿಯಾದರೆ ಓಟಿಜಿಯನ್ನು ಬೈಯಬೇಡಿ

ಖಾರಘರ್‌ನ ತಂಗಿ, ತುಪ್ಪದ ಬಿಸ್ಕೆಟ್ ನಾನ್‌ಖಟಾಯಿ ಯಾಕೆ ಹರಡಿತು ಅಂತ ಕೇಳಿ ನೀವು ಹಾಕಿದ ಫೋಟೋ ನೋಡಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಒಳಗಿಟ್ಟದ್ದು 24 ಉಂಡೆ, ಹೊರಗೆ ಬಂದದ್ದು ಒಂದೇ ರೊಟ್ಟಿ. ಇಂಥದ್ದೇ ರೊಟ್ಟಿ ನಮ್ಮ ಮನೆಯಲ್ಲೂ ಬೆಂದಿತ್ತು. ನಾನು ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದ ಮೊದಲ ದೀಪಾವಳಿ ಅದು.

ಉತ್ತರ ನಿಮ್ಮ ಮಾತಿನಲ್ಲೇ ಇದೆ. "ಒಂದು ಕಪ್ ತುಪ್ಪ ಮೈಕ್ರೋವೇವ್‌ನಲ್ಲಿ ಕರಗಿಸಿ ಮೈದಾಗೆ ಸುರಿದೆ" ಅಂದಿದ್ದೀರಲ್ಲ, ಅಲ್ಲೇ ಕೆಲಸ ಕೆಟ್ಟಿತು. ಓಟಿಜಿ (ಕರೆಂಟಿನ ಚಿಕ್ಕ ಓವನ್) ಹಳೆಯದಾಯಿತು, ಹೊಸದು ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಕೆಳಗೆ ಕಾಮೆಂಟಿನಲ್ಲಿ ಒಬ್ಬರು ಮೈದಾ ಜಾಸ್ತಿ ಹಾಕಿ ಅಂದಿದ್ದಾರೆ, ಇನ್ನೊಬ್ಬರು ಸೋಡಾ ಜಾಸ್ತಿ ಮಾಡಿ ಅಂದಿದ್ದಾರೆ. ಅವೆರಡೂ ಬೇಡ. ಎರಡನ್ನೂ ನಾನು ಒಂದೇ ದಿನ ಮಾಡಿ ಅನುಭವಿಸಿದ್ದೇನೆ.

ಇದು ನಮ್ಮ ಕೈಯ ಅಭ್ಯಾಸದ ತಪ್ಪು. ಕೋಡುಬಳೆ, ಚಕ್ಕುಲಿ, ಶಂಕರಪೋಳಿ ಯಾವುದೇ ಇರಲಿ, ಹಿಟ್ಟಿಗೆ ಕಾದ ಎಣ್ಣೆಯನ್ನೋ ತುಪ್ಪವನ್ನೋ ಚುರ್ ಅನ್ನುವ ಹಾಗೆ ಸುರಿದೇ ಕಲಿತವರು ನಾವು. ಇಲ್ಲಿ ಮರಾಠಿಯವರು ಅದಕ್ಕೆ ಮೋಹನ್ ಅನ್ನುತ್ತಾರೆ. ಕರಿಯುವ ತಿಂಡಿಗೆ ಅದು ಸರಿ, ಹಿಟ್ಟು ಜಿಗಿಯಾಗುವುದಿಲ್ಲ, ಗರಿಗರಿ ಬರುತ್ತದೆ. ನಾನ್‌ಖಟಾಯಿಗೆ ಮಾತ್ರ ಇದು ಉಲ್ಟಾ. ಅಲ್ಲಿ ತುಪ್ಪದೊಳಗೆ ಗಾಳಿ ತುಂಬಬೇಕು. ಕರಗಿದ ತುಪ್ಪದಲ್ಲಿ ಗಾಳಿ ನಿಲ್ಲುವುದಿಲ್ಲ. ಓವನ್ ಬಿಸಿ ತಾಗಿದ ಕೂಡಲೇ, ಮೈದಾ ಗಟ್ಟಿಯಾಗುವ ಮೊದಲೇ, ಎಲ್ಲಾ ಹರಿದುಹೋಗುತ್ತದೆ.

ನನ್ನ ಕಥೆ ಹೇಳಿಬಿಡುತ್ತೇನೆ. ಅತ್ತೆಯವರ ಮನೆಯಲ್ಲಿ ಆವರೆಗೆ ದೀಪಾವಳಿಯ ನಾನ್‌ಖಟಾಯಿ ಬೇಕರಿಯ ಭಟ್ಟಿಯಲ್ಲೇ ಆಗುತ್ತಿತ್ತು. ಮುಂಬೈ, ಪುಣೆ ಕಡೆಯ ಹಳಬರಿಗೆ ಗೊತ್ತಿರುತ್ತದೆ. ಮೈದಾ, ತುಪ್ಪ, ಸಕ್ಕರೆ ಡಬ್ಬಿಯಲ್ಲಿ ತಗೊಂಡು ಹೋಗಿ ಸಾಲಿನಲ್ಲಿ ಕೂತು, ಕಿಲೋ ಲೆಕ್ಕದಲ್ಲಿ ಕೂಲಿ ಕೊಟ್ಟು, ಬಿಸಿಬಿಸಿ ಡಬ್ಬಿ ಹೊತ್ತುಕೊಂಡು ಬರುವುದು. ಬ್ರೆಡ್ ತೆಗೆದ ಮೇಲೆ ಇಳಿಯುತ್ತಿರುವ ಕಾವಿನಲ್ಲಿ ಇದು ಚೆನ್ನಾಗಿ ಬೇಯುತ್ತದೆ ಅಂತ ಅತ್ತೆ ಹೇಳುತ್ತಿದ್ದರು. (ಈಗ ಆ ಕಟ್ಟಿಗೆ ಭಟ್ಟಿಗಳೂ ಕಡಿಮೆ. 2025ರಲ್ಲಿ ಬಾಂಬೆ ಹೈಕೋರ್ಟ್ ಕಟ್ಟಿಗೆ, ಕಲ್ಲಿದ್ದಲು ಬಿಟ್ಟು ಗ್ಯಾಸಿಗೋ ಬೇರೆ ಶುದ್ಧ ಇಂಧನಕ್ಕೋ ಬನ್ನಿ ಅಂತ ಮುಂಬೈ ಬೇಕರಿಗಳಿಗೆ ಹೇಳಿತು. ಊರಿನ ಗಾಳಿ ಕೆಡದಿರಲು ಅದೂ ಸರಿಯೇ.) ನಾನು ಹೊಸ ಸೊಸೆ, ತವರಿನಿಂದ ಓಟಿಜಿ ಬಂದಿದೆ, ಸುಮ್ನೆ ಇರುತ್ತೇನಾ? "ಈ ಸಲ ಬೇಕರಿ ಬೇಡ, ಮನೆಯಲ್ಲೇ ಮಾಡೋಣ" ಅಂದೆ. ಒಂದು ಕಿಲೋ ಮೈದಾ ಕಲಸಿದೆ, ಒಂದೇ ಸಲಕ್ಕೆ!

ಮೊದಲ ಟ್ರೇ ರೊಟ್ಟಿ. ಬಿಸಿ ಇರುವಾಗಲೇ ಚಾಕುವಿನಿಂದ ಚೌಕ ಚೌಕ ಕತ್ತರಿಸಿದೆ. ಮಾವ ಅದಕ್ಕೆ ಬರ್ಫಿ ಅಂತ ಹೆಸರಿಟ್ಟರು. ಎರಡನೇ ಟ್ರೇಗೆ ಮೈದಾ ಸೇರಿಸಿದೆ. ಹರಡಲಿಲ್ಲ, ಆದರೆ ಚಹಾದಲ್ಲಿ ಎರಡು ನಿಮಿಷ ಅದ್ದಿದರೂ ಮುರಿಯಲಿಲ್ಲ. ಮೂರನೇ ಟ್ರೇಗೆ ಸೋಡಾ. ಅದು ಇನ್ನೂ ಜಾಸ್ತಿ ಹರಡಿತು, ಬಣ್ಣ ಕಂದಾಯಿತು, ರುಚಿ ಸಾಬೂನು. ಅತ್ತೆ ಒಂದು ಮಾತೂ ಬೈಯಲಿಲ್ಲ. ಮಾರನೇ ದಿನ ಬೆಳಿಗ್ಗೆ ಐದೂವರೆಗೆ ಎಬ್ಬಿಸಿ, ಪರಾತ (ಹಿಟ್ಟು ಕಲಸುವ ಅಗಲ ತಟ್ಟೆ) ಮುಂದಿಟ್ಟು ಕೂರಿಸಿದರು.

ಅವತ್ತಿನಿಂದ ಇವತ್ತಿನವರೆಗೂ ನಾನು ಮಾಡುವುದು ಹೀಗೇ. ತುಪ್ಪ ಹೆಪ್ಪುಗಟ್ಟಿರಬೇಕು, ಆದರೆ ಕಲ್ಲಾಗಿರಬಾರದು. ಬೆರಳು ಒತ್ತಿದರೆ ಗುಳಿ ಬೀಳಬೇಕು. ಅಕ್ಟೋಬರ್ ಸೆಕೆಯಲ್ಲಿ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ತುಪ್ಪ ಹನ್ನೊಂದು ಗಂಟೆಗೆಲ್ಲಾ ಎಣ್ಣೆಯಾಗಿರುತ್ತದೆ, ಅದಕ್ಕೇ ಬೆಳಗಿನ ಜಾವದ ಕೆಲಸ. ದೊಡ್ಡ ಪಾತ್ರೆಯಲ್ಲಿ ಐಸ್ ನೀರು ಹಾಕಿ, ಮೇಲೆ ಪರಾತ ಇಟ್ಟು, ಅಂಗೈಯ ಬುಡದಿಂದ ತುಪ್ಪವನ್ನು ತಿಕ್ಕುತ್ತಾ ಹೋಗಿ. ನೀರು ಪರಾತದ ಒಳಗೆ ಬರಬಾರದು, ಹುಷಾರು. ಐದು ನಿಮಿಷಕ್ಕೆ ಹಳದಿ ಬಣ್ಣ ಇಳಿಯುತ್ತದೆ. ಆಮೇಲೆ ಸಕ್ಕರೆ ಪುಡಿ ಹಾಕಿ ಇನ್ನೊಂದು ಐದಾರು ನಿಮಿಷ. ಬಿಳಿ ಬೆಣ್ಣೆಯ ಹಾಗೆ ಹಗುರ ಆಗಬೇಕು, ಬೆರಳಿನಲ್ಲಿ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲಬೇಕು. ಕೈ ನೋಯುತ್ತದೆ, ನೋಯಲಿ. ಬೀಟರ್ ಇದ್ದರೆ ಬೀಟರ್. ಮಿಕ್ಸರ್ ಜಾರ್ ಮಾತ್ರ ಬೇಡ, ಬ್ಲೇಡಿನ ಬಿಸಿಗೆ ಮತ್ತೆ ಕರಗುತ್ತದೆ.

ನನ್ನ ಅಳತೆ: ಮೈದಾ 150 ಗ್ರಾಂ, ಕಡಲೆಹಿಟ್ಟು 50, ಚಿರೋಟಿ ರವೆ 25 (ಇಲ್ಲಿನ ಅಂಗಡಿಯಲ್ಲಿ ಬಾರೀಕ್ ರವಾ ಅಂತ ಕೇಳಿ), ತುಪ್ಪ 130, ಸಕ್ಕರೆ ಪುಡಿ 110, ಬೇಕಿಂಗ್ ಪೌಡರ್ ಅರ್ಧ ಚಮಚ, ಸೋಡಾ ಎರಡು ಬೆರಳಲ್ಲಿ ಹಿಡಿಯುವಷ್ಟು, ಚೂರು ಉಪ್ಪು, ಏಲಕ್ಕಿ. 20 ಗ್ರಾಂ ಉಂಡೆ ಮಾಡಿದರೆ 22-23 ಆಗುತ್ತವೆ. ತುಪ್ಪ ಎಲ್ಲಾ ಒಂದೇ ಸಲ ಹಾಕಿರುತ್ತೇವೆ, ಹಿಟ್ಟು ಮಾತ್ರ ಎರಡು ಮೂರು ಸಲಕ್ಕೆ. ನಾದಬೇಡಿ. ಉಂಡೆ ಕಟ್ಟುವಷ್ಟು ಸೇರಿಸಿದರೆ ಸಾಕು. ಹಾಲು ಹಾಕಲೇಬೇಡಿ, ಪುಡಿಪುಡಿ ಅನ್ನಿಸಿದರೆ ಅರ್ಧ ಚಮಚ ತುಪ್ಪ.

ದಯವಿಟ್ಟು ತೂಕದ ತಕ್ಕಡಿ ತಗೊಳ್ಳಿ. ಓಟಿಜಿಗೆ ಸಾವಿರಾರು ಕೊಡುವವರು ತಕ್ಕಡಿಗೆ ಮಾತ್ರ ಹಿಂದೆ ಮುಂದೆ ನೋಡುತ್ತೀರಿ! ನಿಮ್ಮ ಕಪ್ ಚಹಾ ಕಪ್ಪೋ 240 ಎಂಎಲ್ ಕಪ್ಪೋ ನನಗೇನು ಗೊತ್ತು? ಕರಗಿದ ತುಪ್ಪ ಕಪ್ಪಿನಲ್ಲಿ ಸಂದಿಲ್ಲದೆ ತುಂಬುತ್ತದೆ, ಗಟ್ಟಿ ತುಪ್ಪ ಚಮಚದಲ್ಲಿ ತುಂಬಿದರೆ ನಡುವೆ ಟೊಳ್ಳು ಉಳಿಯುತ್ತದೆ. ಅದೇ ಕಪ್, ಬೇರೆ ತೂಕ.

ಉಂಡೆ ಮಾಡಿ ಸ್ವಲ್ಪ ಒತ್ತಿ, 20 ನಿಮಿಷ ಫ್ರಿಜ್‌ನಲ್ಲಿಡಿ. ಅಷ್ಟರಲ್ಲಿ ಓಟಿಜಿ 160 ಡಿಗ್ರಿಗೆ, ಮೇಲಿನ ಕೆಳಗಿನ ಎರಡೂ ರಾಡ್ ಹಾಕಿ ಕಾಯಲಿ, 15 ನಿಮಿಷವಾದರೂ. ಮೊದಲು ಒಂದೇ ಒಂದು ಉಂಡೆ ಬೇಯಿಸಿ ನೋಡಿ. ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ 24 ಉಂಡೆಯ ಫೋಟೋ ಹಾಕುತ್ತಾರೆ. ಆ ಒಂದು ಹರಡಿದರೆ ಉಳಿದದ್ದಕ್ಕೆ ಎರಡು ಚಮಚ ಮೈದಾ ಸೇರಿಸಿ, ಇನ್ನೂ ಸ್ವಲ್ಪ ತಣ್ಣಗೆ ಮಾಡಿ. ಆಗ ಮೈದಾ ಸೇರಿಸುವುದಕ್ಕೆ ಅರ್ಥ ಇದೆ, ಕಣ್ಣು ಮುಚ್ಚಿ ಅಲ್ಲ. ಓಟಿಜಿಯ ನಡುವಿನ ಅಂತಸ್ತಿನಲ್ಲಿ 18ರಿಂದ 20 ನಿಮಿಷ. ಬುಡ ಹೊಂಬಣ್ಣ ಬಂದರೆ ಆಯಿತು, ಮೇಲೆ ಬಣ್ಣ ಬರಲಿ ಅಂತ ಕಾಯಬೇಡಿ. ಮುಟ್ಟಿದರೆ ಮೆತ್ತಗಿರುತ್ತದೆ, ಬೆಂದಿಲ್ಲ ಅಂತ ವಾಪಸ್ ಇಡಬೇಡಿ. ಟ್ರೇಯಲ್ಲೇ ಆರಿದ ಮೇಲೆ ಗಟ್ಟಿಯಾಗುತ್ತದೆ. ಎರಡನೇ ಸರದಿಯನ್ನು ಬಿಸಿ ಟ್ರೇ ಮೇಲೆ ಇಡಬೇಡಿ, ಇದೂ ನಾನು ಮಾಡಿದ ತಪ್ಪೇ. ಚಿಕ್ಕ ಓಟಿಜಿಯ ಡಯಲ್ಲನ್ನು ಪೂರ್ತಿ ನಂಬಬೇಡಿ. ಒಳಗೆ ಇಡುವ ಥರ್ಮಾಮೀಟರ್ ಸಿಗುತ್ತದೆ, ಒಂದು ಹಾಕಿ ನೋಡಿ.

ತುಪ್ಪದ ಬ್ರ್ಯಾಂಡ್ ಕೇಳಿದ್ದೀರಿ. ಊರಿಗೆ ಹೋದಾಗ ನಾನು ನಂದಿನಿ ತುಪ್ಪ ತರುತ್ತೇನೆ, ತವರಿನ ಅಭಿಮಾನ ಅಂದುಕೊಳ್ಳಿ. ಮುಗಿದರೆ ಇಲ್ಲಿನ ಗೋವರ್ಧನ್. ಮನೆಯಲ್ಲಿ ಕಾಯಿಸಿದ ತುಪ್ಪ ಎಲ್ಲಕ್ಕಿಂತ ಚೆನ್ನ, ಆದರೆ ನೀರಿನ ಪಸೆ ಪೂರ್ತಿ ಹೋಗಿರಬೇಕು. ಅಮುಲ್ ಹಳದಿ ಬೆಣ್ಣೆ ಹಾಕಿದರೆ ಅದರಲ್ಲಿ ಉಪ್ಪೂ ಇದೆ, ನೀರೂ ಇದೆ, ಆಗುವುದು ಬೆಣ್ಣೆ ಬಿಸ್ಕೆಟ್. ತಿನ್ನಲು ಚೆನ್ನಾಗಿರುತ್ತದೆ, ನಾನ್‌ಖಟಾಯಿ ಅಲ್ಲ ಅಷ್ಟೇ. ಬೇಕರಿಯದು ಹರಡದೆ ಗುಂಡಗೆ ಹೇಗಿರುತ್ತದೆ ಅಂತ ಹಲವರು ಕೇಳುತ್ತಾರೆ. ಬಹಳ ಕಡೆ ವನಸ್ಪತಿ ಹಾಕುತ್ತಾರೆ, ಅದು ತುಪ್ಪದಷ್ಟು ಬೇಗ ಕರಗುವುದಿಲ್ಲ. ಕರಗದ್ದಕ್ಕೇ ಅಂಗುಳಿಗೆ ಮೇಣದ ಹಾಗೆ ಅಂಟುವುದು. ನಾನಂತೂ ಹಾಕುವುದಿಲ್ಲ. ಬೇಕಿಂಗ್ ಪೌಡರ್ ವೀಕ್‌ಫೀಲ್ಡ್ ಸಾಕು, ಆದರೆ ಕಳೆದ ದೀಪಾವಳಿಯ ಡಬ್ಬಿ ತೆಗೆಯಬೇಡಿ. ಬಿಸಿನೀರಿಗೆ ಚಿಟಿಕೆ ಹಾಕಿ, ಬುಸ್ ಅನ್ನದಿದ್ದರೆ ಎಸೆಯಿರಿ.

ಕುಕ್ಕರ್‌ನಲ್ಲಿ ಆಗುತ್ತದಾ ಅಂದವರಿಗೆ: ಆಗುತ್ತದೆ. ಗ್ಯಾಸ್ಕೆಟ್, ಸೀಟಿ ಎರಡೂ ತೆಗೆದು, ಅಡಿಯಲ್ಲಿ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು. ಆದರೆ ಒಳ್ಳೆಯ ಕುಕ್ಕರನ್ನು ನೀರಿಲ್ಲದೆ ಕಾಯಿಸಿ ಯಾಕೆ ಹಾಳು ಮಾಡುತ್ತೀರಿ? ದಪ್ಪ ತಳದ ಹಳೇ ಕಡಾಯಿ, ಮೇಲೆ ತಟ್ಟೆ ಮುಚ್ಚಿ, ಸಣ್ಣ ಉರಿ.

ಮಕ್ಕಳಿಗೆ ರಾಗಿಯದು ಮಾಡುವವರು ಪೂರ್ತಿ ರಾಗಿ ಹಾಕಬೇಡಿ, ಎತ್ತುವಾಗಲೇ ಪುಡಿಯಾಗುತ್ತದೆ. ಅರ್ಧ ರಾಗಿ, ಅರ್ಧ ಗೋಧಿಹಿಟ್ಟು. ಬೆಲ್ಲ ಹಾಕಿದರೆ ಪಸೆ ಹೆಚ್ಚು, ಹರಡುವುದೂ ಹೆಚ್ಚು, ಫ್ರಿಜ್‌ನಲ್ಲಿ ಅರ್ಧ ಗಂಟೆ ಇಡಲೇಬೇಕು. ಪುಣೆಯ ಶ್ರೂಸ್‌ಬರಿ ಬಿಸ್ಕೆಟ್ ಮನೆಯಲ್ಲಿ ಬರುತ್ತದಾ ಅಂತ ನನ್ನನ್ನು ಕೇಳಬೇಡಿ. ಹತ್ತಾರು ಸಲ ಮಾಡಿ ಸೋತಿದ್ದೇನೆ. ಈಗ ಅಲ್ಲಿನ ಈಸ್ಟ್ ಸ್ಟ್ರೀಟಿನ ಕಯಾನಿ ಬೇಕರಿಗೆ ಬೆಳಿಗ್ಗೆಯೇ ಹೋಗಿ ಸಾಲಿನಲ್ಲಿ ನಿಲ್ಲುತ್ತೇನೆ.

ಇನ್ನೊಬ್ಬರು ಗೋವಾದ ತೆಂಗು ರವೆಯ ಕೇಕ್, ಬಾಥ್, ತರಿತರಿ ಆಯಿತು ಅಂದಿದ್ದರು. ರವೆ ನೆನೆದಿಲ್ಲ ಅಷ್ಟೇ. ಹಿಟ್ಟನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿ ಬಿಡಿ, ಬೇಕಿಂಗ್ ಪೌಡರ್ ಮಾತ್ರ ಬೆಳಿಗ್ಗೆ ಬೇಯಿಸುವ ಮೊದಲು. ಮೊಸರು-ಸೋಡಾ ಹಾಕುವ ಮೊಟ್ಟೆಯಿಲ್ಲದ ಕೇಕಿಗೆ ಇದು ಉಲ್ಟಾ, ಕಲಸಿದ ತಕ್ಷಣ ಒಳಗಿಡಬೇಕು. ಫೋನ್ ಬಂದರೂ ಎತ್ತಬೇಡಿ.

ಡಬ್ಬಿಗೆ ಹಾಕುವಾಗ ಪೂರ್ತಿ ಆರಿರಲಿ, ನಮ್ಮ ಕಡೆಯ ಹವೆಗೆ ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಹಾಗಾದರೆ 120 ಡಿಗ್ರಿಯಲ್ಲಿ ಐದಾರು ನಿಮಿಷ ಬಿಸಿ ಮಾಡಿ, ಮತ್ತೆ ಆರಲು ಬಿಡಿ.

ಮತ್ತೆ ತಂಗಿ, ಆ ರೊಟ್ಟಿಯನ್ನು ಎಸೆದಿಲ್ಲ ತಾನೇ? ತುಪ್ಪ, ಏಲಕ್ಕಿ ಎಲ್ಲಾ ಅದರಲ್ಲೇ ಇದೆ. ಕೈಯಲ್ಲೇ ಪುಡಿ ಮಾಡಿ ಡಬ್ಬಿಗೆ ಹಾಕಿಡಿ. ದೀಪಾವಳಿ ಹೊತ್ತಿಗೆ ಪುಣೆ ಹತ್ತಿರದ ಸಾಸ್ವಡ್ ಕಡೆಯ ಸೀತಾಫಲ ಬರುತ್ತದೆ, ಬಾಸುಂದಿ ಮಾಡಿ ಮೇಲೆ ಉದುರಿಸಿ. ನಮ್ಮ ಮಾವ ಆ ಬರ್ಫಿಯನ್ನು ಹಾಗೇ ಖಾಲಿ ಮಾಡಿದ್ದು.