ಪ್ರೊಫೆಸರ್‌ಗೆ ಹೇಳಿದರೆ ಗುಟ್ಟಾಗಿ ಉಳಿಯುತ್ತಾ?

ಲ್ಯಾಬ್‌ನ ಸೀನಿಯರ್ ಕೊಡುತ್ತಿರುವ ಕಿರುಕುಳವನ್ನು ಪ್ರೊಫೆಸರ್ ಹತ್ತಿರ ಹೇಳಿಕೊಂಡರೆ ಅದು ಅವರಲ್ಲೇ ಉಳಿಯುತ್ತಾ ಅಂತ ಕೇಳಿದ್ದೀರಿ. ಅಮೆರಿಕದ ಹೆಚ್ಚಿನ ಯೂನಿವರ್ಸಿಟಿಗಳಲ್ಲಿ ಉಳಿಯುವುದಿಲ್ಲ. ನಿಮ್ಮ ಮೇಲೆ ಎಷ್ಟೇ ಅಕ್ಕರೆ ಇದ್ದರೂ ಅವರು ಟೈಟಲ್ ನೈನ್ ಕಚೇರಿಗೆ, ಅಂದರೆ ಲೈಂಗಿಕ ಕಿರುಕುಳ, ಲಿಂಗ ತಾರತಮ್ಯದ ದೂರುಗಳನ್ನು ನೋಡಿಕೊಳ್ಳುವ ಯೂನಿವರ್ಸಿಟಿಯ ಕಚೇರಿಗೆ, ತಿಳಿಸಲೇಬೇಕು. ಸದ್ಯಕ್ಕೆ ಯಾರ ಹತ್ತಿರವಾದರೂ ಮನಸ್ಸು ಬಿಚ್ಚಿ ಮಾತಾಡಬೇಕು ಅನಿಸಿದರೆ ಮೊದಲು ಕ್ಯಾಂಪಸ್ ಕೌನ್ಸೆಲರ್ ಹತ್ತಿರ ಹೋಗಿ, ಸಾಮಾನ್ಯವಾಗಿ ಅವರು ಹೀಗೆ ಕಚೇರಿಗೆ ತಿಳಿಸಬೇಕಿಲ್ಲ.

ಹಾಗಂತ ಕಚೇರಿಗೆ ವಿಷಯ ತಲುಪಿದ ತಕ್ಷಣ ವಿಚಾರಣೆ ಶುರುವಾಗಿಬಿಡುತ್ತೆ ಅಂತ ಹೆದರಬೇಡಿ. ವಿಷಯ ತಿಳಿಸುವುದು ಬೇರೆ, ಸಹಿ ಹಾಕಿ ದೂರು ಕೊಡುವುದು ಬೇರೆ. ದೂರು ಕೊಡದೆಯೇ ನೀವು ನೆರವು ಕೇಳಬಹುದು: ಲ್ಯಾಬ್ ಸಮಯ ಬದಲಿಸುವುದು, ರೂಮ್ ಬದಲಿಸುವುದು, ಪರಸ್ಪರ ಸಂಪರ್ಕ ಮಾಡಬಾರದು ಅಂತ ಇಬ್ಬರಿಗೂ ಸೂಚನೆ ಕೊಡುವುದು. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಇಷ್ಟು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ನೋವು ನುಂಗಿಕೊಂಡು ಇದ್ದುಬಿಡುತ್ತಾರೆ, ಅದೇ ನನಗೆ ಜಾಸ್ತಿ ಸಂಕಟ.

ದೂರಿಗೆ ಸಹಿ ಹಾಕಿದರೆ ನಿಮ್ಮ ಹೆಸರು ಆ ಸೀನಿಯರ್‌ಗೆ ಲಿಖಿತವಾಗಿ ಹೋಗುತ್ತದೆ. ಟೈಟಲ್ ನೈನ್‌ನ 2020ರ ನಿಯಮಗಳಂತೆ, ರಾಜಿಯಾಗದಿದ್ದರೆ ಕೊನೆಗೆ ಎರಡೂ ಕಡೆಯವರು ಹಾಜರಿರುವ ನೇರ ವಿಚಾರಣೆ ಇರುತ್ತದೆ. ಅಲ್ಲಿ ಅವನ ಕಡೆಯ ಸಲಹೆಗಾರರು ನಿಮ್ಮನ್ನು ಪ್ರಶ್ನಿಸಬಹುದು. ಕಷ್ಟದ ಘಟ್ಟ ಇದೇ. ಆದರೆ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ವಿಡಿಯೊದಲ್ಲಿ ನಡೆಸಿ ಅಂತ ನೀವು ಕೇಳಿದರೆ ಯೂನಿವರ್ಸಿಟಿಯವರು ಒಪ್ಪಲೇಬೇಕು. ನಿಮಗೆ ಸಲಹೆಗಾರರು ಇಲ್ಲದಿದ್ದರೆ ಆ ದಿನಕ್ಕೆ ಯೂನಿವರ್ಸಿಟಿಯೇ ಪುಕ್ಕಟೆಯಾಗಿ ಒದಗಿಸಬೇಕು.

ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಳ್ಳುವುದೂ ನಿಯಮಕ್ಕೆ ವಿರುದ್ಧ. ಅವನ ಮೆಸೇಜ್‌ಗಳನ್ನು ಮಾತ್ರ ಅಳಿಸಬೇಡಿ, ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.